ಕಲ್ಲುಹೂವಿನ ಒಗರು

ರಾಯಚೂರಿನ ನಮ್ಮ ಮನೆಯಲ್ಲಿ ಮಸಾಲಿ ಪುಡಿ ಮಾಡುವ ದಿನ ಅವ್ವ ಕಲ್ಲುಹೂವನ್ನು ಎಲ್ಲಕ್ಕಿಂತ ಕೊನೆಗೆ ಹುರಿಯುತ್ತಿದ್ದಳು. ಕೊತ್ತಂಬರಿ ಬೀಜ, ಒಣಕೊಬ್ಬರಿ, ಲವಂಗ, ಚಕ್ಕೆ ಎಲ್ಲ ಮುಗಿದು ಬಾಣಲೆಯ ಕಾವು ಇಳಿದ ಮೇಲೆ ಒಂದು ಹನಿ ಎಣ್ಣೆ, ಒಂದು ಹಿಡಿ ಕಲ್ಲುಹೂ. ಸುಟ್ಟ ಕಾಗದದಂತೆ ಮುದುರಿಕೊಂಡ ಚೂರುಗಳು ಅವು. ಒಂದು ಮೈ ಬೂದಿ ಬಣ್ಣ, ಇನ್ನೊಂದು ಮೈ ಇದ್ದಿಲು ಕಪ್ಪು. ಕೈಯಲ್ಲಿ ಹಿಡಿದು ಮೂಸಿದರೆ ಒಣ ಧೂಳು, ಅಷ್ಟೆ. ಎಣ್ಣೆ ಸೋಕಿ ಬಿಸಿ ತಾಗಿತೋ, ಅಡಿಗೆ ಮನೆಯ ವಾಸನೆಯೇ ಬದಲಾಗುತ್ತಿತ್ತು. ಮಳೆಯಲ್ಲಿ ನೆನೆದ ಮರ, ಹಳೆ ಬಾವಿಯ ಒಳಗೋಡೆ, ಸ್ವಲ್ಪ ಹೊಗೆ, ಸ್ವಲ್ಪ ಚರ್ಮ. ಸಿಹಿ ಎಂಬುದು ಎಳ್ಳಷ್ಟೂ ಇಲ್ಲ. ಮೂಗಿಗೂ ಒಗರು ಎಂಬ ರುಚಿ ಉಂಟು ಎಂದು ನಾನು ಕಲಿತದ್ದು ಆ ಬಾಣಲೆಯ ಮುಂದೆ.

1986ರ ಬೇಸಿಗೆಯಲ್ಲಿ ಪಕ್ಕದ ಮನೆಯ ಚಾಚಾ ಕುವೈತಿನಿಂದ ಬಂದವರು ಅಪ್ಪನಿಗೆ ಒಂದು ಸೆಂಟಿನ ಬಾಟಲಿ ಕೊಟ್ಟರು. ಅಪ್ಪ ಸಾಲಿ ಮಾಸ್ತರು. ವಾಸನಿ ಎಣ್ಣೆಯನ್ನೂ ತಲೆಗೆ ಮುಟ್ಟಿಸದ ಮನುಷ್ಯ. ಬಾಟಲಿ ಬೀರುವಿನ ಮೇಲೆ ಕೂತಿತು. ಆಗ ನನಗೆ ಹದಿನಾರು ವರ್ಷ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಮುಚ್ಚಳ ತೆಗೆದು ಮಣಿಕಟ್ಟಿಗೆ ಒಂದು ಹನಿ ಹಾಕಿಕೊಂಡೆ. ಮೊದಲು ನಿಂಬೆ ಸಿಪ್ಪೆಯ ಚುರುಕು ಬಂತು, ಅದು ನಿಲ್ಲಲಿಲ್ಲ. ಆಮೇಲೆ ಗಿಡಮೂಲಿಕೆಯ ಕಹಿ, ಅದರ ಬೆನ್ನಿಗೆ ಚರ್ಮದ ವಾಸನೆ. ಸಂಜೆ ಅವ್ವನ ಪಕ್ಕದಲ್ಲಿ ಕೂತು ರೊಟ್ಟಿ ತಟ್ಟುವಾಗ ಅವಳು ತಲೆ ಎತ್ತಿ ಕೇಳಿದಳು: "ಮಸಾಲಿ ಇವತ್ತ ಯಾರು ಹುರದಾರ? ಕಲ್ಲುಹೂವಿನ ವಾಸನಿ ಬಡೀಲಿಕತ್ತದ."

ಅದು ಅರಾಮಿಸ್ ಎಂಬ ಗಂಡಸರ ಸೆಂಟು. ಅವ್ವ ಹೇಳಿದ್ದು ಅಕ್ಷರಶಃ ನಿಜ ಎಂದು ನನಗೆ ತಿಳಿಯಲು ಇನ್ನೂ ಹತ್ತು ವರ್ಷ ಹಿಡಿಯಿತು.

ಸುಗಂಧಗಳಲ್ಲಿ ಶೀಪ್ರ್ ಎಂಬ ಒಂದು ಮನೆತನವಿದೆ. ಫ್ರೆಂಚ್ ಭಾಷೆಯಲ್ಲಿ ಸೈಪ್ರಸ್ ದ್ವೀಪಕ್ಕೆ ಇರುವ ಹೆಸರೇ ಅದು. ಆ ದ್ವೀಪದ ಹೆಸರು ಹೊತ್ತ ಪರಿಮಳದ ಪುಡಿಗಳು ಯುರೋಪಿನಲ್ಲಿ ಶತಮಾನಗಳಿಂದ ಮಾರಾಟವಾಗುತ್ತಿದ್ದವು. ಆದರೆ ಇಂದು ನಾವು ಶೀಪ್ರ್ ಎಂದು ಗುರುತಿಸುವ ಕಟ್ಟಡಕ್ಕೆ ಬುನಾದಿ ಹಾಕಿದವನು ಫ್ರಾನ್ಸ್ವಾ ಕೋಟಿ. 1874ರಲ್ಲಿ ಕಾರ್ಸಿಕಾ ದ್ವೀಪದಲ್ಲಿ ಹುಟ್ಟಿದವನು. 1917ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಶೀಪ್ರ್ ಎಂಬ ಹೆಸರಿನಲ್ಲೇ ಒಂದು ಸುಗಂಧ ತಂದ. ಎರಡು ವರ್ಷದ ನಂತರ ಝಾಕ್ ಗೆರ್ಲಾಂ ಅದೇ ಕಟ್ಟಡಕ್ಕೆ ಪೀಚ್ ಹಣ್ಣಿನ ವಾಸನೆಯ ಒಂದು ದ್ರವ್ಯ ಸೇರಿಸಿ ಮಿತ್ಸುಕೊ ಮಾಡಿದ. ಕೋಟಿಯ ಮೂಲ ಶೀಪ್ರ್ ಅಂಗಡಿಗಳಿಂದ ಮರೆಯಾಗಿ ಬಹಳ ಕಾಲವಾಯಿತು. ಮಿತ್ಸುಕೊ ನೂರು ವರ್ಷ ದಾಟಿ ಈಗಲೂ ತಯಾರಾಗುತ್ತಿದೆ.

ಈ ಕಟ್ಟಡಕ್ಕೆ ನಾಲ್ಕು ಕಂಬಗಳು. ಮೇಲೆ ಬರ್ಗಮಾಟ್. ಇಟಲಿಯ ಕಲಬ್ರಿಯಾ ಕಡೆ ಸಿಪ್ಪೆಯ ಎಣ್ಣೆಗಾಗಿಯೇ ಬೆಳೆಯುವ ನಿಂಬೆ ಜಾತಿಯ ಹಣ್ಣು ಅದು. ನಡುವೆ ಗುಲಾಬಿ, ಮಲ್ಲಿಗೆಯಂಥ ಹೂಗಳು ಬಂದು ಹೋಗುತ್ತವೆ. ಕೆಳಗೆ, ಭಾರ ಹೊತ್ತು ನಿಂತವು ಮೂರು: ಲ್ಯಾಬ್ಡನಮ್ ಎಂಬ ಅಂಟು, ಪಚೌಲಿ ಎಲೆ, ಓಕ್‌ಮಾಸ್. ಮೇಲಿನದು ಚುರುಕು, ಕೆಳಗಿನದು ಕತ್ತಲು. ಇವೆರಡರ ನಡುವಿನ ಜಗ್ಗಾಟವೇ ಶೀಪ್ರ್. ನಿಂಬೆ ಹಾರಿಹೋದ ಮೇಲೂ ಅದರ ನೆನಪು ಕೆಳಗಿನ ಕತ್ತಲಲ್ಲಿ ಮಿನುಗುತ್ತಲೇ ಇರಬೇಕು. ಹಾಗೆ ಮಾಡಬಲ್ಲವನು ಕಸಬುದಾರ.

ಈ ಹೆಸರುಗಳನ್ನು ಮೊದಲು ಕೇಳಿದಾಗ ಎಲ್ಲ ಸಮುದ್ರದಾಚೆಯ ಸರಕು ಅನ್ನಿಸಿತ್ತು. ಒಂದೊಂದನ್ನೇ ಹಿಡಿದು ಮೂಸುತ್ತ ಹೋದಂತೆ ಒಂದೊಂದೂ ನಮ್ಮ ಕಡೆಯ ಯಾವುದೋ ಓಣಿಯಲ್ಲಿ ಸಿಕ್ಕಿತು.

ಲ್ಯಾಬ್ಡನಮ್ ಮೆಡಿಟರೇನಿಯನ್ ತೀರದ ಕುರುಚಲು ಗಿಡವೊಂದರ ಅಂಟು. ಬಿಸಿಲೇರಿದಂತೆ ಎಲೆಗಳು ಬೆವರಿ ಜಿಗುಟಾಗುತ್ತವೆ. ಆ ಗಿಡಗಳ ನಡುವೆ ಮೇಯುವ ಆಡುಗಳ ಗಡ್ಡಕ್ಕೆ, ಮೈಗೂದಲಿಗೆ ಅಂಟು ಹತ್ತುತ್ತದೆ. ಕ್ರೀಟ್, ಸೈಪ್ರಸ್ ದ್ವೀಪಗಳಲ್ಲಿ ಅದನ್ನು ಹಿಂದೆ ಬಾಚಿ ತೆಗೆದು ಮಾರುತ್ತಿದ್ದರು. ಆಡಿನ ಗಡ್ಡದಿಂದ ಪರಿಮಳ ಬರುವ ಈ ಸೋಜಿಗವನ್ನು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಹೆರೊಡೋಟಸ್ ಬರೆದಿಟ್ಟಿದ್ದಾನೆ. ನನಗೆ ಇದು ಸೋಜಿಗ ಅನ್ನಿಸಲಿಲ್ಲ. ನಮ್ಮ ಅಜ್ಜಿಯ ಊರು ದೇವದುರ್ಗದ ಕಡೆ. ಮಿರಗದ ಮಳೆ ಹಿಡಿದಾಗ ಕುರಿ ಕಾಯುವವರು ಕಂಬಳಿ ಕೊಪ್ಪೆ ಹಾಕಿಕೊಂಡು ನಮ್ಮ ಕಟ್ಟೆಗೆ ಬಂದು ನಿಲ್ಲುತ್ತಿದ್ದರು. ನೆನೆದ ಕರಿ ಕಂಬಳಿಯಿಂದ ಉಣ್ಣೆ, ಹೊಗೆ, ಬೆವರು, ತುಳಿದ ಸೊಪ್ಪು ಎಲ್ಲ ಕೂಡಿದ ಬೆಚ್ಚನೆಯ ವಾಸನೆ ಏಳುತ್ತಿತ್ತು. ಹತ್ತಿರ ಹೋದರೆ ಅಜ್ಜಿ ಗದರುತ್ತಿದ್ದಳು, ನಾನು ಹೋಗುತ್ತಲೇ ಇದ್ದೆ. ಲ್ಯಾಬ್ಡನಮ್ ಮೊದಲ ಸಲ ಮೂಸಿದಾಗ ಕಣ್ಣ ಮುಂದೆ ಬಂದದ್ದು ಸೈಪ್ರಸ್ ಅಲ್ಲ, ಆ ಕಟ್ಟೆ.

ಪಚೌಲಿ ನಮ್ಮ ಪಚ್ಚೆತೆನೆಯ ಬಳಗ. ಹೂವಿನ ಸರದಲ್ಲಿ ಮಲ್ಲಿಗೆಯ ನಡುನಡುವೆ ದವನ, ಮರುಗ, ಪಚ್ಚೆತೆನೆ ಕಟ್ಟುತ್ತಾರಲ್ಲ, ಅದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಶಾಲುಗಳನ್ನು ಯುರೋಪಿಗೆ ಕಳಿಸುವಾಗ ನುಸಿ ಹಿಡಿಯದಂತೆ ಮಡಿಕೆಗಳಲ್ಲಿ ಈ ಎಲೆ ಇಡುತ್ತಿದ್ದರು. ಶಾಲಿನ ಜೊತೆ ವಾಸನೆಯೂ ಅಲ್ಲಿಯವರಿಗೆ ಹಿಡಿಸಿತು. ನಮ್ಮ ಅಜ್ಜಿಯ ಟ್ರಂಕಿನಲ್ಲಿ ಇಳಕಲ್ ಸೀರೆಗಳ ನಡುವೆ ದವನದ ಒಣಕಡ್ಡಿ ಇರುತ್ತಿತ್ತು. ಸೀರೆ ಕೊಡವಿದರೆ ಪುಡಿ ಉದುರುತ್ತಿತ್ತು.

ಇನ್ನು ಓಕ್‌ಮಾಸ್. ಶೀಪ್ರ್‌ನ ಜೀವ ಇರುವುದೇ ಇದರಲ್ಲಿ. ಅವ್ವನ ಮೂಗು ಹಿಡಿದದ್ದೂ ಇದನ್ನೇ.

ಓಕ್‌ಮಾಸ್ ಎಂಬ ಹೆಸರಿನಲ್ಲಿ ಪಾಚಿ ಇದೆ, ಆದರೆ ಅದು ಪಾಚಿಯಲ್ಲ. ಕಲ್ಲುಹೂ ಎಂಬ ನಮ್ಮ ಹೆಸರಿನಲ್ಲಿ ಹೂ ಇದೆ, ಅದು ಹೂವಲ್ಲ. ಎರಡೂ ಕಲ್ಲುಹೂಗಳೇ, ಅಂದರೆ ಶಿಲೀಂಧ್ರವೊಂದು ತನ್ನೊಳಗೆ ಪಾಚಿಯ ಕಣಗಳನ್ನು ಇಟ್ಟುಕೊಂಡು ಇಬ್ಬರೂ ಒಂದೇ ಮೈಯಾಗಿ ಬಾಳುವ ಜೀವಿಗಳು. ಪಾಚಿ ಬಿಸಿಲಿನಲ್ಲಿ ಆಹಾರ ಮಾಡುತ್ತದೆ, ಶಿಲೀಂಧ್ರ ನೀರು ಹಿಡಿದಿಟ್ಟು ನೆರಳು ಕೊಡುತ್ತದೆ. ಓಕ್‌ಮಾಸ್‌ನ ಶಾಸ್ತ್ರೀಯ ಹೆಸರು ಎವರ್ನಿಯಾ ಪ್ರುನಾಸ್ಟ್ರಿ. ಮಸಾಲೆಯ ಕಲ್ಲುಹೂವಿಗೆ ಪಾರ್ಮೊಟ್ರೀಮಾ ಪರ್ಲೇಟಮ್ ಎನ್ನುತ್ತಾರೆ. ಇವೆರಡೂ ಒಂದೇ ಕುಟುಂಬದವು, ಪಾರ್ಮೀಲಿಯೇಸಿ ಎಂಬುದು ಆ ಕುಟುಂಬದ ಹೆಸರು. ಒಂದು ಬಾಲ್ಕನ್ ನಾಡಿನ ಓಕ್ ಮರಗಳ ಮೇಲೆ ಬೆಳೆದು ಫ್ರಾನ್ಸಿನ ಗ್ರಾಸ್ ಪಟ್ಟಣಕ್ಕೆ ಹೋಗಿ ದ್ರಾವಕದಲ್ಲಿ ತನ್ನ ಸತ್ವ ಬಿಡುತ್ತದೆ. ಇನ್ನೊಂದು ಮಂಜು ಮುಸುಕುವ ನಮ್ಮ ಬೆಟ್ಟಗಳಿಂದ ಚೀಲದಲ್ಲಿ ಬಂದು ರಾಯಚೂರಿನ ಕಿರಾಣಿ ಅಂಗಡಿಯಲ್ಲಿ ತೂಕಕ್ಕೆ ಕೂರುತ್ತದೆ.

ವಾಸನೆ ಒಂದೇ ತರಹ ಬರುವುದಕ್ಕೆ ಕಾರಣವೂ ಇದೆ. ಕಲ್ಲುಹೂಗಳ ಮೈಯಲ್ಲಿ ತಮಗೇ ವಿಶೇಷವಾದ ಕೆಲವು ಆಮ್ಲಗಳಿರುತ್ತವೆ. ಅವು ದೊಡ್ಡ ಅಣುಗಳು, ಹಾಗಾಗಿ ಹಾರುವುದಿಲ್ಲ, ಮೂಗಿಗೆ ತಲುಪುವುದಿಲ್ಲ. ಒಣಗಿದಾಗ, ಹಳತಾದಾಗ, ಬಿಸಿ ಅಥವಾ ಆಲ್ಕೊಹಾಲ್ ತಾಗಿದಾಗ ಅವು ಒಡೆದು ಸಣ್ಣ ಅಣುಗಳಾಗುತ್ತವೆ. ಕಾಡಿನ ನೆಲದ, ತೇವದ, ಒಗರು ವಾಸನೆ ಆ ತುಣುಕುಗಳದು. ಅಂಥ ಒಂದು ಅಣುವನ್ನು ರಸಾಯನಶಾಲೆಯಲ್ಲೇ ತಯಾರಿಸಿ ಎವರ್ನಿಲ್, ವೆರಾಮಾಸ್ ಎಂಬ ಹೆಸರುಗಳಲ್ಲಿ ಮಾರುತ್ತಾರೆ. ಕೈಯಲ್ಲಿ ಹಿಡಿದಾಗ ಸುಮ್ಮನಿದ್ದ ಕಲ್ಲುಹೂ ಬಾಣಲೆಯಲ್ಲಿ ಬಾಯಿ ಬಿಡುವುದು ಯಾಕೆಂದು ಇದರಿಂದ ತಿಳಿಯುತ್ತದೆ.

ರಾಯಚೂರು ಕೋಟೆಯ ಕಲ್ಲುಗಳ ಮೇಲೂ, ದೇವದುರ್ಗದ ಗುಡ್ಡದ ಬಂಡೆಗಳ ಮೇಲೂ ಬೂದಿ, ಹಳದಿ ಮಚ್ಚೆಗಳಂತೆ ಕಲ್ಲಿಗೆ ಅಂಟಿಕೊಂಡ ಕಲ್ಲುಹೂಗಳಿವೆ. ನಮ್ಮ ಬಿಸಿಲಿಗೆ ಅವು ಎಲೆಯಾಗಿ ಹರಡುವುದಿಲ್ಲ, ಅಡಿಗೆಗೂ ಬಾರವು. ಆದರೂ ಮೊದಲ ಮಳೆ ಬಿದ್ದ ಸಂಜೆ ಬಂಡೆಯ ಹತ್ತಿರ ನಿಂತರೆ ನಾನು ಮೂಸಿ ನೋಡದೆ ಬರುವುದಿಲ್ಲ.

ಮಣ್ಣಿನ ವಾಸನೆಯನ್ನು ಬಾಟಲಿಗೆ ತುಂಬುವ ವಿದ್ಯೆ ಈ ದೇಶದಲ್ಲಿ ಮೊದಲಿನಿಂದ ಇದೆ. 1964ರಲ್ಲಿ ಆಸ್ಟ್ರೇಲಿಯಾದ ಬೇರ್ ಮತ್ತು ಥಾಮಸ್ ಎಂಬ ಇಬ್ಬರು ವಿಜ್ಞಾನಿಗಳು ಮಳೆಯ ಮಣ್ಣಿನ ವಾಸನೆಗೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಅದಕ್ಕೂ ಎಷ್ಟೋ ಮೊದಲೇ ಉತ್ತರ ಪ್ರದೇಶದ ಕನೌಜಿನವರು ಸುಟ್ಟ ಮಣ್ಣನ್ನು ಬಟ್ಟಿ ಇಳಿಸಿ ಮಿಟ್ಟಿ ಅತ್ತರು ಮಾಡಿ ಮಾರುತ್ತಿದ್ದರು.

ಅತ್ತರಿನ ಮಾತು ಬಂದ ಮೇಲೆ ರಾಯಚೂರನ್ನು ಬಿಟ್ಟು ಮುಂದೆ ಹೋಗಲಾಗದು. ಈ ಊರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಊಟ, ಉಡುಪು, ಮಾತು ಎಲ್ಲದರಲ್ಲೂ ಹೈದರಾಬಾದಿನ ನೆರಳು ಇದೆ. ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಮುಂಗೈಗೆ ಅತ್ತರು ಸವರುವುದು ಹಿಂದೂ ಮುಸ್ಲಿಂ ಎನ್ನದೆ ಎಲ್ಲರ ಪದ್ಧತಿಯಾಗಿತ್ತು. ಉರುಸಿನ ಗಂಧದ ಮೆರವಣಿಗೆ, ಮೊಹರಮ್ಮಿನ ಅಲಾಯಿ ದೇವರ ಮುಂದೆ ಕೆಂಡಕ್ಕೆ ಹಾಕುವ ಊದು, ಮಠದ ಗಂಧ, ತುಳಸಿ, ಅಂಗಾರ, ಇವೆಲ್ಲ ಒಂದೇ ಊರಿನ ಗಾಳಿಯಲ್ಲಿ ಬೆಳೆದವರ ಮೂಗಿಗೆ ಬರೀ ಸಿಹಿ ಹೂವಿನ ವಾಸನೆ ಸಾಲುವುದಿಲ್ಲ.

ನಾನು ಕಾಲೇಜು ಸೇರಿದ ವರ್ಷ ಮಸೀದಿಯ ಹತ್ತಿರದ ಒಂದು ಅತ್ತರಿನ ಅಂಗಡಿಗೆ ಹೋದೆ. ಗಾಜಿನ ಪೆಟ್ಟಿಗೆಯಲ್ಲಿ ಬೆರಳುದ್ದದ ಕುಪ್ಪಿಗಳು. ಅಂಗಡಿಯ ಭಾಯಿ ಗುಲಾಬಿ ತೆಗೆದರು, ಕೇವಡಾ ತೆಗೆದರು.

"ಇವು ಬ್ಯಾಡ್ರಿ ಭಾಯಿ. ಸಿಹಿ ಇರಬಾರದು. ಖಡಕ್ ಇರಬೇಕು," ಅಂದೆ.

ಅವರು ನನ್ನ ಮುಖ ನೋಡಿ, ಕೆಳಗಿನ ಸಾಲಿನಿಂದ ಕಂದು ಬಣ್ಣದ ಒಂದು ಕುಪ್ಪಿ ಎತ್ತಿ, ಕಡ್ಡಿಯ ತುದಿಯಿಂದ ನನ್ನ ಮುಂಗೈಗೆ ಗೆರೆ ಎಳೆದರು. "ಶಮಾಮ ಅದರಿ ಅಮ್ಮಾ. ಚಳಿಗಾಲದಾಗ ದೊಡ್ಡವರು ಹಚ್ಚತಿದ್ರು. ನಿಮ್ಮ ವಯಸ್ಸಿನವರು ಕೇಳಂಗಿಲ್ಲ."

ಆ ಕಂದು ಗೆರೆಯಲ್ಲಿ ಅಪ್ಪನ ಬಾಟಲಿಯೂ ಅವ್ವನ ಬಾಣಲೆಯೂ ಒಟ್ಟಿಗೆ ಇದ್ದವು. ಇದರಲ್ಲಿ ಏನೇನು ಹಾಕುತ್ತಾರೆ ಎಂದು ಕೇಳಿದೆ. ಜಟಾಮಾಂಸಿ, ನಾಗರಮೋಥಾ, ಕಪೂರ ಕಚರಿ, ಲವಂಗ, ಜಾಜಿಕಾಯಿ, ಜಾಪತ್ರೆ, ಏಲಕ್ಕಿ ಎಂದು ಎಣಿಸುತ್ತ ಹೋದವರು "ಮತ್ತ ಛರೀಲಾ" ಅಂದರು. ಛರೀಲಾ ಅಂದರೇನು ಎಂದೆ. "ಪತ್ಥರ್ ಕಾ ಫೂಲ್. ನಿಮ್ಮ ಮಸಾಲಿಯೊಳಗ ಹಾಕ್ತೀರಲ್ಲ, ಅದೇ."

ಶಮಾಮ ಒಂದು ದಿನದಲ್ಲಿ ಆಗುವುದಲ್ಲ. ಕನೌಜಿನಲ್ಲಿ ಇಂದಿಗೂ ಡೇಗ್ ಭಪಕಾ ಪದ್ಧತಿಯಲ್ಲೇ ಮಾಡುವವರಿದ್ದಾರೆ. ಡೇಗ್ ಎಂದರೆ ಕೆಳಗೆ ಉರಿ ಹಾಕುವ ತಾಮ್ರದ ದೊಡ್ಡ ಹಂಡೆ. ಅದರ ಬಾಯನ್ನು ಮಣ್ಣಿನಿಂದ ಮೆತ್ತಿ, ಹಗ್ಗ ಸುತ್ತಿದ ಬಿದಿರಿನ ಕೊಳವೆಯನ್ನು ಇಳಿಜಾರಾಗಿ ಜೋಡಿಸುತ್ತಾರೆ. ಕೊಳವೆಯ ಇನ್ನೊಂದು ತುದಿ ನೀರಿನ ತೊಟ್ಟಿಯಲ್ಲಿ ಕೂತ ಭಪಕಾ ಎಂಬ ತಾಮ್ರದ ಗಡಿಗೆಯೊಳಗೆ. ಗಡಿಗೆಯಲ್ಲಿ ಮೊದಲೇ ಗಂಧದೆಣ್ಣೆ ಇರುತ್ತದೆ. ಮೂಲಿಕೆಗಳ ಆವಿ ಬಂದು ತಣಿದು ಆ ಎಣ್ಣೆಯಲ್ಲಿ ನೆಲೆಸುತ್ತದೆ, ಉಳಿದ ನೀರನ್ನು ತೆಗೆದು ಹಾಕುತ್ತಾರೆ. ಮತ್ತೆ ಹೊಸ ಮೂಲಿಕೆ, ಮತ್ತೆ ಉರಿ. ಪದರದ ಮೇಲೆ ಪದರ ಕೂರುತ್ತದೆ. ಉರಿ ಹೆಚ್ಚಾಯಿತೇ, ನೀರು ಬಿಸಿಯಾಯಿತೇ ಎಂದು ಕೈಯಿಂದ ಮುಟ್ಟಿ, ಕಿವಿಯಿಂದ ಕೇಳಿ ತಿಳಿಯುವ ಕೆಲಸ. ಸಿದ್ಧವಾದ ಅತ್ತರನ್ನು ಚರ್ಮದ ಕುಪ್ಪಿಯಲ್ಲಿ ತುಂಬಿಟ್ಟರೆ ಉಳಿದ ತೇವ ಚರ್ಮದ ಮೂಲಕ ಆರಿಹೋಗುತ್ತದೆ. ಕನೌಜಿನ ಅತ್ತರಿಗೆ ಭೌಗೋಳಿಕ ಸೂಚ್ಯಂಕವೂ ಸಿಕ್ಕಿದೆ. ಗಂಧದೆಣ್ಣೆ ದುಬಾರಿಯಾದ ಮೇಲೆ ಮಾತ್ರ ಗಡಿಗೆಯ ತಳಕ್ಕೆ ಲಿಕ್ವಿಡ್ ಪ್ಯಾರಾಫಿನ್ ಬಂದಿತು. ತೊಲಾ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುವ ಶಮಾಮದಲ್ಲಿ ಗಂಧ ಹುಡುಕಬಾರದು.

ಗಂಧದ ಕಥೆ ನಮ್ಮ ನಾಡಿನದೇ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡುಗಳು ಬಟ್ಟಿ ಇಳಿಸಲು ಯುರೋಪಿಗೆ, ಹೆಚ್ಚಾಗಿ ಜರ್ಮನಿಗೆ ಹೋಗುತ್ತಿದ್ದವು. ಯುದ್ಧ ಬಂದು ಹಡಗು ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಸಂಸ್ಥಾನವೇ ಎಣ್ಣೆ ತೆಗೆಯಲು ತೊಡಗಿತು. ಅದರ ಮರುವರ್ಷವೇ ಪ್ಯಾರಿಸಿನಲ್ಲಿ ಕೋಟಿಯ ಶೀಪ್ರ್. ಮುಂದಿನ ಹಲವು ದಶಕ ಫ್ರಾನ್ಸಿನ ದೊಡ್ಡ ಸುಗಂಧಗಳ ತಳದಲ್ಲಿ ಮೈಸೂರಿನ ಗಂಧ ಇತ್ತು. ಹಳೆಯ ಬಾಟಲಿಗಳನ್ನು ಹುಡುಕುವವರು ಇಂದಿಗೂ ಮೈಸೂರು ಎಂಬ ಹೆಸರನ್ನು ಭಕ್ತಿಯಿಂದ ಹೇಳುತ್ತಾರೆ. ಹೊರಗಿನವರ ಬಾಯಲ್ಲಿ ಆ ಹೆಸರು ಕೇಳಿದಾಗ ನನಗೆ ಹೆಮ್ಮೆಯ ಜೊತೆ ಸಂಕಟವೂ ಆಗುತ್ತದೆ, ಏಕೆಂದರೆ ಆ ಮರಗಳು ಈಗ ಕಾಡಿನಲ್ಲಿ ಆ ಸಂಖ್ಯೆಯಲ್ಲಿ ಇಲ್ಲ.

ನಮ್ಮವರಿಗೆ ಒಗರಿನ ರುಚಿ ಹಳೆಯದು ಎನ್ನಲು ಗ್ರಂಥಗಳ ಸಾಕ್ಷಿಯಿದೆ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ನಾಲ್ಕು ಸಾಲು, ನಾಲ್ಕು ಕಂಬದ ಹದಿನಾರು ಮನೆಗಳಲ್ಲಿ ಹದಿನಾರು ದ್ರವ್ಯಗಳನ್ನು ಕೂರಿಸಿ, ಯಾವ ನಾಲ್ಕನ್ನಾದರೂ ಆರಿಸಿ ಅಳತೆ ಬದಲಿಸುತ್ತ ಹೋದರೆ 1,74,720 ಸುಗಂಧಗಳಾಗುತ್ತವೆ ಎಂದು ಲೆಕ್ಕ ಕೊಡುತ್ತಾನೆ. ಹದಿನಾರರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 1,820. ಒಂದೊಂದಕ್ಕೂ 96 ಅಳತೆಗಳು. ಗುಣಿಸಿ ನೋಡಿ, ಲೆಕ್ಕ ಸರಿಯಾಗಿದೆ. ಆ ಮನೆಗಳಲ್ಲಿ ಲಾವಂಚ ಇದೆ, ಅಗರು ಇದೆ, ತಗರ ಇದೆ, ಚಂದನ ಇದೆ. ಶೈಲೇಯವೂ ಇದೆ. ಶೈಲೇಯ ಎಂದರೆ ಕಲ್ಲಿನಲ್ಲಿ ಹುಟ್ಟಿದ್ದು, ನಮ್ಮ ಕಲ್ಲುಹೂ.

ಕನ್ನಡದಲ್ಲಿಯೇ ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ನೀರು ಹುಡುಕುವುದು, ಗಿಡಕ್ಕೆ ಔಷಧಿ ಮಾಡುವುದು, ಅಡಿಗೆ ಮಾಡುವುದರ ಜೊತೆಗೆ ಸುಗಂಧ ಕೂಡಿಸುವುದಕ್ಕೂ ಜಾಗವಿದೆ. ಬಾವಿ ತೋಡುವಷ್ಟೇ ಬೇಕಾದ ವಿದ್ಯೆ ಇದು ಎಂದು ಆತ ಎಣಿಸಿದ್ದ. ನೂರು ವರ್ಷದ ನಂತರ ಅದೇ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಮೈಗೆ ಬಳಿಯುವ ಲೇಪಗಳನ್ನೂ ಧೂಪಗಳನ್ನೂ ವಿವರಿಸಿದ. ಮುಂದೆ ರಾಯಚೂರು ದೋಆಬಿಗಾಗಿ ವಿಜಯನಗರವೂ ಬಿಜಾಪುರವೂ ಹೊಡೆದಾಡಿದವು. ಆ ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ ಇತ್ರ್ ಎ ನೌರಸ್ ಶಾಹಿ ಎಂದು ಸುಗಂಧಕ್ಕೇ ಮೀಸಲಾದ ಗ್ರಂಥ ಹುಟ್ಟಿತು. ಸೈನ್ಯಗಳು ಬಂದು ಹೋದವು, ಈ ನೆಲದ ಮೂಗು ಬದಲಾಗಲಿಲ್ಲ.

ನನ್ನ ಜೀವಮಾನದ ಒಲವು ಮಾತ್ರ ಹಳೆಯ, ಗಟ್ಟಿ ಶೀಪ್ರ್‌ಗಳದ್ದು. ಅವುಗಳಲ್ಲಿ ಧೈರ್ಯ ಇದೆ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳನ್ನು ನೋಡಿ. ಎಡ್ಮಂಡ್ ರುಡ್ನಿಟ್ಸ್ಕಾ ಒಂದು ಕಡೆ ಕಸದ ತಿಪ್ಪೆ, ಇನ್ನೊಂದು ಕಡೆ ಬಣ್ಣದ ಕಾರ್ಖಾನೆ ಇದ್ದ ಪ್ಯಾರಿಸಿನ ಕಟ್ಟಡದಲ್ಲಿ ಕೂತು ಫಾಮ್ ಎಂಬ ಸುಗಂಧ ಕಟ್ಟಿದ. ಮಾಗಿದ ಹಣ್ಣು, ಅಡಿಯಲ್ಲಿ ಓಕ್‌ಮಾಸ್. ಅದು 1944ರಲ್ಲಿ ಹೊರಬಂತು. ಅದೇ ವರ್ಷ ಜರ್ಮೇನ್ ಸೆಲಿಯೆ ಎಂಬ ಹೆಣ್ಣುಮಗಳು ಬಾಂಡಿ ಮಾಡಿದಳು. ಗಂಡಸರೇ ತುಂಬಿದ್ದ ಆ ಕಸಬಿನಲ್ಲಿ ರಸಾಯನಶಾಸ್ತ್ರ ಓದಿ ಬಂದ ಸೆಲಿಯೆ, ಹಸಿ ಚರ್ಮದಂತೆ ಕಹಿಯಾಗಿ ಹೊಡೆಯುವ ಕ್ವಿನೊಲಿನ್ ಎಂಬ ದ್ರವ್ಯವನ್ನು ಬೇರೆಯವರು ಮುಟ್ಟಲು ಹೆದರುವ ಪ್ರಮಾಣದಲ್ಲಿ ಸುರಿದಳು. ಬಾಂಡಿ ಹೆಂಗಸರಿಗೆಂದೇ ಮಾಡಿದ ಸುಗಂಧ. ಅದನ್ನು ಮೂಸಿದಾಗ ಬೆಂಕಿಯ ಮುಂದೆ ಕಚ್ಚೆ ಕಟ್ಟಿ ದುಡಿಯುವ ನಮ್ಮ ಹೆಣ್ಣುಮಕ್ಕಳು ಕಣ್ಣ ಮುಂದೆ ಬರುತ್ತಾರೆ. ಮೂರು ವರ್ಷದ ನಂತರ ಮಿಸ್ ಡಿಯೋರ್ ಬಂತು. ಇಂದು ಆ ಹೆಸರಿನಲ್ಲಿ ಮಾರುವುದಕ್ಕೂ 1947ರ ಹಸಿರು ಕಹಿಗೂ ಸಂಬಂಧ ಬಹಳ ಕಡಿಮೆ.

ಬರ್ನಾರ್ಡ್ ಷಾಂ 1959ರಲ್ಲಿ ಹೆಂಗಸರಿಗೆಂದು ಕಬೋಷಾರ್ ಮಾಡಿದ. ಅರವತ್ತರ ದಶಕದಲ್ಲಿ ಅದೇ ಚರ್ಮ, ಅದೇ ಪಾಚಿಯ ಕಟ್ಟಡವನ್ನು ಸ್ವಲ್ಪ ತಿದ್ದಿ ಗಂಡಸರಿಗೆಂದು ಅರಾಮಿಸ್ ಮಾಡಿದ. ಅಪ್ಪನ ಬಾಟಲಿಯನ್ನು ನಾನು ಕದ್ದು ಹಚ್ಚಿಕೊಳ್ಳುತ್ತಿದ್ದ ದಿನಗಳಲ್ಲಿ ಮನಸ್ಸಿಗೆ ಒಂದು ಅಳುಕಿತ್ತು. ಕಬೋಷಾರ್‌ನ ಹಳೆಯ ಬಾಟಲಿಯೊಂದು ಕೈಗೆ ಬಂದ ದಿನ ಆ ಅಳುಕು ಹೋಯಿತು. ಗಂಡು ಹೆಣ್ಣು ಎಂಬುದು ಬಾಟಲಿಯ ಮೇಲಿನ ಚೀಟಿಯಲ್ಲಿದೆ, ಒಳಗಿನ ರಸದಲ್ಲಿಲ್ಲ.

ಮಾನ್ವಿಯ ಕಾಲೇಜೊಂದರಲ್ಲಿ ನಾನು ಹಲವು ವರ್ಷ ಪಾಠ ಮಾಡಿದೆ. ರಾಯಚೂರಿನಿಂದ ದಿನವೂ ಬಸ್ಸು. ಬೆಳಿಗ್ಗೆ ಆರೂವರೆಗೆ ಮೊಳಕೈ ಒಳಮೈಗೆ ಎರಡು ಹನಿ ಹಚ್ಚಿ ಹೊರಟರೆ, ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಬರ್ಗಮಾಟ್ ಹೋಗಿರುತ್ತಿತ್ತು. ನಮ್ಮ ಬಿಸಿಲಿಗೆ ನಿಂಬೆಯ ಆಯುಸ್ಸು ಅಷ್ಟೆ. ಕಾಲುವೆ ನೀರು ಹರಿದ ಭತ್ತದ ಗದ್ದೆಗಳು ಕಿಟಕಿಯಲ್ಲಿ ಕಾಣುವ ಹೊತ್ತಿಗೆ ಹೂಗಳೂ ಸರಿಯುತ್ತಿದ್ದವು. ಸಂಜೆ ನಾಲ್ಕಕ್ಕೆ, ಬೆವರು ಧೂಳು ಎಲ್ಲದರ ಕೆಳಗೆ, ಓಕ್‌ಮಾಸ್ ಹಾಗೇ ಕೂತಿರುತ್ತಿತ್ತು. ಒಂದು ದಿನ ತಿರುಗಿ ಬರುವಾಗ ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ನನ್ನ ಕೈಯನ್ನೇ ಎತ್ತಿ ಮೂಗಿನ ಹತ್ತಿರ ಹಿಡಿದುಕೊಂಡಳು. "ಏನ ಹಚ್ಚಿಯವ್ವಾ? ನಮ್ಮ ಅಜ್ಜ ಉರುಸಿಗಿ ಹೋಗಿ ಬಂದಾಗ ಹಿಂಗ ನಾರತಿದ್ದ." ನಮ್ಮ ಕಡೆ ಹಳಬರ ಬಾಯಲ್ಲಿ ನಾರುವುದು ಎಂದರೆ ಬರೀ ಕೆಟ್ಟ ವಾಸನೆಯಲ್ಲ. ಆಕೆಯ ಕಣ್ಣು ಒದ್ದೆಯಾಗಿದ್ದವು.

ಈ ಸುಗಂಧಗಳು ಈಗ ಹಳೆಯ ರೂಪದಲ್ಲಿ ಯಾಕೆ ಸಿಗುವುದಿಲ್ಲ ಎಂಬುದಕ್ಕೆ ರುಚಿ ಬದಲಾದದ್ದು ಒಂದು ಕಾರಣ. ಅಂಗಡಿಗಳ ತುಂಬ ಈಗ ವೆನಿಲ್ಲಾ, ಸಕ್ಕರೆ ಪಾಕ, ಚಾಕೊಲೇಟು. ಇನ್ನೊಂದು ಕಾರಣ ಕಾನೂನು. ಓಕ್‌ಮಾಸ್‌ನಲ್ಲಿ ಅಟ್ರನಾಲ್, ಕ್ಲೋರೋಅಟ್ರನಾಲ್ ಎಂಬ ಎರಡು ಅಂಶಗಳಿವೆ. ಕೆಲವರ ಚರ್ಮಕ್ಕೆ ಅವು ಆಗಿಬರುವುದಿಲ್ಲ. ಒಮ್ಮೆ ಅಲರ್ಜಿ ಹಿಡಿದರೆ ಅಷ್ಟು ಸುಲಭಕ್ಕೆ ಬಿಡುವುದೂ ಇಲ್ಲ. ಅಂತರರಾಷ್ಟ್ರೀಯ ಸುಗಂಧ ಸಂಘಟನೆ ಮೊದಲು ಓಕ್‌ಮಾಸ್‌ನ ಪ್ರಮಾಣಕ್ಕೆ ಮಿತಿ ಹಾಕಿತು. 2017ರಲ್ಲಿ ಐರೋಪ್ಯ ಒಕ್ಕೂಟ ಆ ಎರಡು ಅಂಶಗಳನ್ನು ನಿಷೇಧಿಸಿತು. ಅವು ಇರುವ ಸರಕನ್ನು 2019ರ ಆಗಸ್ಟ್ 23ರ ನಂತರ ಹೊಸದಾಗಿ ಮಾರುಕಟ್ಟೆಗೆ ತರುವಂತಿಲ್ಲ, 2021ರ ಆಗಸ್ಟ್ 23ರ ನಂತರ ಅಲ್ಲಿ ಮಾರುವಂತೆಯೂ ಇಲ್ಲ. ಆ ಅಂಶಗಳನ್ನು ತೆಗೆದು ಶುದ್ಧ ಮಾಡಿದ ಓಕ್‌ಮಾಸ್ ಈಗ ಬಳಕೆಯಲ್ಲಿದೆ. ಚರ್ಮ ಕೆರೆದು ನರಳುವವರ ಕಷ್ಟ ನಿಜವಾದದ್ದು, ಅವರ ರಕ್ಷಣೆಗೆ ಬಂದ ಕಾನೂನನ್ನು ನಾನು ಹಳಿಯುವುದಿಲ್ಲ. ಆದರೆ ಹಳೆಯ ಮಿತ್ಸುಕೊ ಮತ್ತು ಹೊಸ ಮಿತ್ಸುಕೊ ಎರಡನ್ನೂ ಎರಡು ಕೈಗೆ ಹಚ್ಚಿ ಕೂತಾಗ, ಹೊಸದರಲ್ಲಿ ನೆಲಮಾಳಿಗೆ ಇಲ್ಲದ ಮನೆಯಂತೆ ಏನೋ ಖಾಲಿ ಅನ್ನಿಸುತ್ತದೆ.

ಹಳೆಯ ಬಾಟಲಿ ಯಾರದಾದರೂ ಮನೆಯಲ್ಲಿದ್ದರೆ ಎಸೆಯಬೇಡಿ. ಶತ್ರುಗಳು ಮೂವರು: ಬೆಳಕು, ಬಿಸಿ, ಗಾಳಿ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರಿನಲ್ಲಿ ಕಿಟಕಿಯ ಪಕ್ಕದ ಕಪಾಟಿನಲ್ಲಿ ಇಟ್ಟರೆ ಎರಡೇ ಬೇಸಿಗೆಗೆ ನಿಂಬೆ ಹುಳಿತು ಹೋಗುತ್ತದೆ. ಜೋಳದ ಹಗೇವಿನ ತಂಪು ಕಂಡವರಿಗೆ ಹೇಳಬೇಕಿಲ್ಲ, ಕತ್ತಲು ಮತ್ತು ತಂಪು ಇದ್ದರೆ ದಶಕಗಟ್ಟಲೆ ಬಾಳುತ್ತದೆ. ನಾನು ಬೀರುವಿನ ಕೆಳಗಿನ ಅರೆಯಲ್ಲಿ, ಹತ್ತಿ ಸೀರೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಮುಚ್ಚಳ ತೆಗೆದಾಗ ಮೊದಲು ಉಗುರು ಬಣ್ಣದಂಥ ಕೆಟ್ಟ ವಾಸನೆ ಬಂದರೆ ಗಾಬರಿಯಾಗಬೇಡಿ. ಹತ್ತು ನಿಮಿಷ ಕಾಯಿರಿ. ಮೇಲಿನದು ಕೆಟ್ಟಿದ್ದರೂ ಅಡಿಯ ಪಾಚಿ, ಚರ್ಮ, ಗಂಧ ಬದುಕಿರುತ್ತವೆ. ಹಚ್ಚುವಾಗ ಕೈ ಬಿಗಿ ಇರಲಿ, ಎರಡು ಹನಿಗಿಂತ ಹೆಚ್ಚು ಬೇಡ. ಬೇಸಿಗೆ ಹಗಲಿಗೆ ಲಾವಂಚ ಅಥವಾ ಮಿಟ್ಟಿ ಅತ್ತರು, ದೀಪಾವಳಿ ದಾಟಿದ ಮೇಲೆ ಶಮಾಮ ಮತ್ತು ಶೀಪ್ರ್, ಇದು ನಮ್ಮ ಹಿರಿಯರ ಕ್ರಮಕ್ಕೂ ಸರಿಹೊಂದುತ್ತದೆ. ಚರ್ಮಕ್ಕೆ ಆಗದವರು ಹತ್ತಿಯ ಫಾಯಾ, ಅಂದರೆ ಸುಗಂಧ ಸವರಿದ ಹತ್ತಿಯುಂಡೆ, ಮಾಡಿ ಸೆರಗಿನ ಗಂಟಿಗೆ ಇಟ್ಟುಕೊಳ್ಳಬಹುದು.

ಅಪ್ಪನ ಆ ಬಾಟಲಿಯ ತಳದಲ್ಲಿ ಇನ್ನೂ ಒಂದು ಬೆರಳಗಲ ಉಳಿದಿದೆ. ಅದನ್ನು ನಿಮ್ಮೆಲ್ಲರ ಮೂಗಿಗೆ ಹಿಡಿಯಲು ನನಗೆ ಆಗುವುದಿಲ್ಲ. ಆದರೆ ಕಲ್ಲುಹೂ ನಿಮ್ಮ ಮನೆಯಲ್ಲೇ ಇದೆ. ಇವತ್ತು ಸಂಜೆ ಮಸಾಲಿ ಡಬ್ಬಿಯಿಂದ ಎರಡು ಚೂರು ತೆಗೆದು ಮಣ್ಣು ಕೊಡವಿ, ಸಣ್ಣ ಬಾಣಲೆಯಲ್ಲಿ ಅರ್ಧ ಚಮಚ ಎಣ್ಣೆ ಉಗುರು ಬೆಚ್ಚಗಿಂತ ತುಸು ಹೆಚ್ಚು ಬಿಸಿ ಮಾಡಿ ಅದರಲ್ಲಿ ಹಾಕಿ, ಒಲೆ ಆರಿಸಿ. ಒಂದು ನಿಂಬೆ ಸಿಪ್ಪೆಯನ್ನು ಅದರ ಪಕ್ಕದಲ್ಲಿ ಹಿಡಿದು ಹಿಂಡಿ. ಕಣ್ಣು ಮುಚ್ಚಿ ಮೂಸಿ ನೋಡಿ.